ಎ ಇದ್ದರೆ ಏ ಇಲ್ಲ: ಒಂದು ಬೂಟು ಬೇಯಿಸಿ ಇಂಗ್ಲಿಷ್ ಕಲಿಸುವ ಬಗೆ

ತಿಪಟೂರು ಸೀಮೆಯ ಮಕ್ಕಳಿಗೆ ಎಣಿಕೆಗೂ ಅಳತೆಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನಕಾಯಿಯನ್ನು ಎಣಿಸುತ್ತಾರೆ, ಕೊಬ್ಬರಿಯನ್ನು ತೂಗುತ್ತಾರೆ. ಅದೇ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತು, ಒಳಗಿನ ನೀರೆಲ್ಲ ಆರಿ, ಚಿಪ್ಪು ಕಳಚಿ ಮಾರುಕಟ್ಟೆಗೆ ಹೋದರೆ ಕ್ವಿಂಟಲ್ ಲೆಕ್ಕ. (ಈಚೆಗೆ ಕಾಯಿಯನ್ನೂ ಕೆಜಿ ಲೆಕ್ಕದಲ್ಲಿ ಕೊಳ್ಳುವವರು ಬಂದಿದ್ದಾರೆ. ನನ್ನ ಪಾಠಕ್ಕೆ ಅದರಿಂದ ಸ್ವಲ್ಪ ನಷ್ಟವೇ ಆಗಿದೆ.) ಇಷ್ಟೆಲ್ಲ ತಿಳಿದ ಎಂಟನೆಯ ತರಗತಿಯ ಹುಡುಗ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತ್ರ ‘ಹೌ ಮೆನಿ ವಾಟರ್’ ಎಂದು ಬರೆದು ಬರುತ್ತಾನೆ.

ಹಳ್ಳಿಯ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಅದರಲ್ಲಿ ಮೊದಲ ಹತ್ತು ವರ್ಷ ನಾನೂ ಎಲ್ಲರ ಹಾಗೆ ಕಪ್ಪು ಹಲಗೆಯ ಮೇಲೆ ಪಟ್ಟಿ ಬರೆದು ಬಾಯಿಪಾಠ ಮಾಡಿಸಿದವಳೇ. ಮೆನಿ, ಮಚ್, ಫ್ಯೂ, ಎ ಫ್ಯೂ, ಲಿಟಲ್, ಎ ಲಿಟಲ್. ಪಟ್ಟಿ ಬರುತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ಬಹಳ ತಡವಾಗಿ ಹೊಳೆದದ್ದು ಇದು: ಕನ್ನಡಕ್ಕೂ ಇಂಗ್ಲಿಷಿಗೂ ಎಣಿಸುವಾಗ ಕಣ್ಣು ಬೇರೆ ಬೇರೆ ಕಡೆ ಇರುತ್ತದೆ. ನಾವು ಎಣಿಸುವ ಮೊದಲು ಎದುರಿಗಿರುವುದು ಮನುಷ್ಯರೋ ಅಲ್ಲವೋ ಎಂದು ನೋಡುತ್ತೇವೆ. ಇಬ್ಬರು ಹುಡುಗರು, ಎರಡು ನಾಯಿ. ಕೆಲವರು ಬಂದರು, ಕೆಲವು ಬಿದ್ದವು. ‘ಎರಡು ಹುಡುಗರು’ ಎಂದರೆ ಎರಡನೆಯ ತರಗತಿಯವನೂ ನಗುತ್ತಾನೆ. ಇಂಗ್ಲಿಷಿಗೆ ಆ ಚಿಂತೆಯೇ ಇಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಇದನ್ನು ಒಂದು, ಎರಡು ಎಂದು ಎಣಿಸಬಹುದೋ, ಅಥವಾ ಅಳೆಯಬೇಕೋ? ನಮ್ಮ ‘ಎಷ್ಟು’ ಎಂಬ ಮಾತಿನಲ್ಲಿ ಎರಡೂ ಅಡಗಿವೆ. ಎಷ್ಟು ಕಾಯಿ, ಎಷ್ಟು ನೀರು. ಆದ್ದರಿಂದ ಮಗುವಿಗೆ ಇಂಗ್ಲಿಷಿನ ಆ ಪ್ರಶ್ನೆಯನ್ನು ಕಣ್ಣಿಗೆ ಕಾಣಿಸಬೇಕು. ಕಿವಿಗೆ ಹೇಳಿದರೆ ಸಾಲದು. ನಾನು ಸಿನಿಮಾದ ಕಡೆಗೆ ಹೋದದ್ದು ಇದಕ್ಕಾಗಿ.

ಮೊದಲ ಪ್ರಯತ್ನ ನೆಲಕಚ್ಚಿತು. ಜನಪ್ರಿಯ ಹಾಲಿವುಡ್ ಸಿನಿಮಾವೊಂದರ ಹತ್ತು ನಿಮಿಷದ ತುಣುಕು ಹಾಕಿದೆ. ಎಲ್ಲರೂ ಒಟ್ಟಿಗೆ ಮಾತನಾಡುವ ದೃಶ್ಯ. ಮಕ್ಕಳಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಅಡಿಬರಹ ಹಾಕಿದೆ, ಓದಿ ಮುಗಿಸುವುದರೊಳಗೆ ಅದು ಮಾಯವಾಗುತ್ತಿತ್ತು. ಗಂಟೆ ಹೊಡೆದಾಗ ಅವರು ಕಲಿತದ್ದು ನಾಯಕನ ಕಾರಿನ ಬಣ್ಣ ಮಾತ್ರ. ಆ ದಿನ ರಾತ್ರಿ ಕೂತು ಯೋಚಿಸಿದೆ: ಮಾತೇ ಇಲ್ಲದ ಸಿನಿಮಾ ಹಾಕಿದರೆ? ಮಾತನ್ನು ಮಕ್ಕಳೇ ಆಡಲಿ.

ಹಾಗೆ ಸಿಕ್ಕಿದ್ದು ಚಾರ್ಲಿ ಚಾಪ್ಲಿನ್ನನ ‘ದಿ ಗೋಲ್ಡ್ ರಷ್’. 1925ರ ಮೂಕಿ ಚಿತ್ರ. 1942ರಲ್ಲಿ ಚಾಪ್ಲಿನ್ ಅದಕ್ಕೆ ತನ್ನದೇ ದನಿಯಲ್ಲಿ ನಿರೂಪಣೆ ಸೇರಿಸಿ ಮತ್ತೆ ಬಿಡುಗಡೆ ಮಾಡಿದ. ತರಗತಿಗೆ ಆ ಆವೃತ್ತಿ ಬೇಡ, 1925ರದ್ದನ್ನೇ ಹುಡುಕಿ. ಚಾಪ್ಲಿನ್ನನೇ ಮಾತನಾಡಿಬಿಟ್ಟರೆ ನಮ್ಮ ಮಕ್ಕಳಿಗೆ ಕೆಲಸ ಏನು ಉಳಿಯುತ್ತದೆ? ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಿದರೆ ಸಾಕು: ಚಿನ್ನ ಹುಡುಕಲು ಹಿಮದ ನಾಡಿಗೆ ಹೋದವರು, ಬಿರುಗಾಳಿಗೆ ಸಿಕ್ಕಿ ಮರದ ಗುಡಿಸಲಿನಲ್ಲಿ ಉಳಿದಿದ್ದಾರೆ, ತಿನ್ನಲು ಏನೂ ಇಲ್ಲ. ಚಿನ್ನದ ಗಣಿ ಎಂದ ಕೂಡಲೇ ಮಕ್ಕಳು ಬೇರೊಂದು ಸಿನಿಮಾದ ಹೆಸರು ಕೂಗುತ್ತಾರೆ. ಐದು ನಿಮಿಷ ಅದಕ್ಕೆ ಹೋಗುತ್ತದೆ, ಹೋಗಲಿ.

ನಮಗೆ ಬೇಕಾದದ್ದು ಬೂಟು ತಿನ್ನುವ ದೃಶ್ಯ. ಕೆಲವೇ ನಿಮಿಷದ್ದು. ಹಬ್ಬದ ದಿನ, ಒಲೆಯ ಮೇಲೆ ಪಾತ್ರೆ, ಪಾತ್ರೆಯಲ್ಲಿ ಚಾಪ್ಲಿನ್ನನ ಒಂದು ಬೂಟು ಬೇಯುತ್ತಿದೆ. ಬೆಂದಿತೇ ಎಂದು ಚುಚ್ಚಿ ನೋಡುತ್ತಾನೆ. ತಟ್ಟೆಗೆ ತೆಗೆದು, ನುರಿತ ಬಾಣಸಿಗನ ಗತ್ತಿನಲ್ಲಿ ಮೇಲಿನ ತೊಗಲನ್ನು ಅಟ್ಟೆಯಿಂದ ಬಿಡಿಸುತ್ತಾನೆ. ತೊಗಲು ಗುಡಿಸಲಿನ ಜೊತೆಗಾರ, ದೊಡ್ಡ ದೇಹದ ಬಿಗ್ ಜಿಮ್‌ನ ಪಾಲಿಗೆ. ಮೊಳೆಗಳಿರುವ ಅಟ್ಟೆ ಚಾಪ್ಲಿನ್ನನಿಗೆ. ಲೇಸನ್ನು ಫೋರ್ಕಿಗೆ ಸುತ್ತಿ ಶ್ಯಾವಿಗೆಯಂತೆ ಬಾಯಿಗಿಡುತ್ತಾನೆ. ಮೊಳೆಗಳನ್ನು ಒಂದೊಂದಾಗಿ ಕೋಳಿಯ ಮೂಳೆ ಚೀಪುವಂತೆ ಚೀಪಿ ಪಕ್ಕಕ್ಕಿಡುತ್ತಾನೆ. ‘ಮೊಳೆಯೋ ಮೂಳೆಯೋ ಮೇಡಂ?’ ಎಂದು ಕಳೆದ ವರ್ಷ ಒಬ್ಬ ಹುಡುಗ ಕೇಳಿದ. ಚಾಪ್ಲಿನ್ನನಿಗೆ ಕನ್ನಡ ಬಂದಿದ್ದರೆ ಆ ಮಾತನ್ನು ಕದಿಯುತ್ತಿದ್ದ ಎಂದು ನನ್ನ ನಂಬಿಕೆ. ಅಂದಹಾಗೆ, ಚಿತ್ರೀಕರಣಕ್ಕಾಗಿ ಆ ಬೂಟನ್ನು ಲಿಕರಿಸ್ ಮಿಠಾಯಿಯಿಂದ ಮಾಡಿದ್ದರು. ನಮ್ಮ ಜ್ಯೇಷ್ಠಮಧುವಿನ ಜಾತಿಯದ್ದೇ. ಇದನ್ನು ಮಕ್ಕಳಿಗೆ ಪಾಠ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಬೂಟಿನ ರುಚಿ ಹೋಗಿಬಿಡುತ್ತದೆ.

ಸಲಕರಣೆ ಹೆಚ್ಚೇನೂ ಬೇಡ. ಲ್ಯಾಪ್‌ಟಾಪ್, ಸಿಕ್ಕರೆ ಪ್ರೊಜೆಕ್ಟರ್, ಗೋಡೆ ಒರಟಾಗಿದ್ದರೆ ಒಂದು ಬಿಳಿ ಪಂಚೆ. ಸ್ಪೀಕರ್ ಬೇಡವೇ ಬೇಡ. ತುಣುಕನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ, ಶಾಲೆಯ ನೆಟ್‌ವರ್ಕ್ ನಂಬಬೇಡಿ. ವಿಎಲ್‌ಸಿ ಪ್ಲೇಯರ್ ಇದ್ದರೆ ಒಳ್ಳೆಯದು: ಸ್ಪೇಸ್ ಒತ್ತಿದರೆ ಚಿತ್ರ ನಿಲ್ಲುತ್ತದೆ, ‘ಇ’ ಒತ್ತಿದರೆ ಒಂದೊಂದೇ ಚೌಕಟ್ಟು ಮುಂದೆ ಹೋಗುತ್ತದೆ. ಈ ಪಾಠ ನಡೆಯುವುದು ಚಿತ್ರ ಓಡುವಾಗ ಅಲ್ಲ, ನಿಂತಾಗ.

ಮೊದಲ ಸಲ ಏನೂ ಕೇಳದೆ ಪೂರ್ತಿ ತೋರಿಸಿ. ನಗಲಿ. ಎರಡನೆಯ ಸಲ ಹಲಗೆಯ ಮೇಲೆ ಎರಡು ಅಂಕಣ ಮಾಡಿ. ಒಂದರ ಮೇಲೆ ‘ಕಾಯಿ’, ಇನ್ನೊಂದರ ಮೇಲೆ ‘ಕೊಬ್ಬರಿ’ ಎಂದು ಬರೆಯಿರಿ. ನಿಮ್ಮೂರಿನಲ್ಲಿ ತೆಂಗು ಇಲ್ಲದಿದ್ದರೆ ‘ಮೊಟ್ಟೆ’, ‘ಹಾಲು’ ಎಂದು ಬರೆಯಿರಿ. ಹೆಸರು ಮಾತ್ರ ಮಕ್ಕಳ ಮನೆಯದ್ದಿರಬೇಕು. ವ್ಯಾಕರಣ ಪುಸ್ತಕದ ದೊಡ್ಡ ಪಾರಿಭಾಷಿಕ ಪದಗಳು ಪರೀಕ್ಷೆಯ ಹಿಂದಿನ ವಾರ ಬಂದರೆ ಸಾಕು. ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ, ಪರದೆಯ ಮೇಲೆ ಕಾಣುವ ಒಂದೊಂದು ವಸ್ತುವೂ ಯಾವ ಅಂಕಣಕ್ಕೆ ಎಂದು ಕೇಳಿ. ತಟ್ಟೆ, ಮೊಳೆ, ಲೇಸು, ಕುರ್ಚಿ ಕಾಯಿಯ ಕಡೆ. ನೀರು, ಹಬೆ, ಹಿಮ ಕೊಬ್ಬರಿಯ ಕಡೆ. ಇಲ್ಲಿಯವರೆಗೆ ಸಲೀಸು.

ಬೂಟು ಯಾವ ಕಡೆ? ಕಾಯಿಯ ಕಡೆ. ಅದರ ತೊಗಲು? ಇಲ್ಲಿ ತರಗತಿ ಒಂದು ಗಳಿಗೆ ಮೌನವಾಗುತ್ತದೆ. ವಸ್ತು ಒಂದೇ, ಆದರೆ ‘ಎ ಶೂ’ ಎಂದರೆ ಎಣಿಕೆ, ‘ಲೆದರ್’ ಎಂದರೆ ಅಳತೆ. ಬಿಗ್ ಜಿಮ್ ತಿನ್ನುವುದು ‘ಸಮ್ ಲೆದರ್’. ಅಟ್ಟದಲ್ಲಿದ್ದಾಗ ಕಾಯಿ, ಒಡೆದ ಮೇಲೆ ಕೊಬ್ಬರಿ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಅದು ಅವರ ಬಾಯಿಂದಲೇ ಬರುವವರೆಗೆ ಕಾಯಿರಿ. ನೀವೇ ಹೇಳಿಬಿಟ್ಟರೆ ಅದು ಇನ್ನೊಂದು ನಿಯಮ ಆಗುತ್ತದೆ, ಅಷ್ಟೇ.

ಇನ್ನು ಪ್ರಶ್ನೆಗಳು. ಅಟ್ಟೆ ಕಾಣುವಲ್ಲಿ ನಿಲ್ಲಿಸಿ ‘ಹೌ ಮೆನಿ ನೇಲ್ಸ್?’ ಎಂದು ಕೇಳಿ. ಮಕ್ಕಳು ಪರದೆಯ ಹತ್ತಿರ ಓಡಿ ಬಂದು ಎಣಿಸುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬರುತ್ತದೆ, ಜಗಳವಾಗುತ್ತದೆ. ಸರಿಯಾದ ಸಂಖ್ಯೆ ನನಗೆ ಬೇಡ. ಜಗಳವನ್ನು ‘ಅಬೌಟ್ ಟೆನ್’, ‘ಮೋರ್ ದ್ಯಾನ್ ಟೆನ್’, ‘ಲೆಸ್’ ಅಲ್ಲ ‘ಫ್ಯೂವರ್ ದ್ಯಾನ್ ಟೆನ್’ ಎಂಬ ದಾರಿಗೆ ಹಚ್ಚುತ್ತೇನೆ. ಕನ್ನಡದಲ್ಲಿ ‘ಹತ್ತು ಮೊಳೆ’ ಎಂದರೆ ಸಾಕು, ‘ಗಳು’ ಬೇಕೇ ಬೇಕು ಎಂದಿಲ್ಲ. ಆದ್ದರಿಂದಲೇ ‘ಟೆನ್ ನೇಲ್’, ‘ಫೈವ್ ಬುಕ್’ ಎಂದು ಬರೆಯುತ್ತಾರೆ. ಒಂದು ದಾಟಿದ ಕೂಡಲೇ ಬಾಲ ಅಂಟಿಸಬೇಕು ಎಂದು ಹೇಳಿ, ಪ್ರತಿ ಉತ್ತರದ ಕೊನೆಯಲ್ಲಿ ಇಡೀ ತರಗತಿಯಿಂದ ಹಾವಿನ ಹಾಗೆ ‘ಸ್’ ಎನ್ನಿಸುತ್ತೇನೆ. ಪಕ್ಕದ ಕೋಣೆಯ ಗಣಿತದ ಮೇಷ್ಟರು ಎರಡು ಸಲ ಬಂದು ಇಣುಕಿ ನೋಡಿದ್ದಾರೆ.

ಈಗ ಎಲ್ಲರೂ ಎಡವುವ ಜಾಗ. ‘ಫ್ಯೂ’ ಮತ್ತು ‘ಎ ಫ್ಯೂ’, ‘ಲಿಟಲ್’ ಮತ್ತು ‘ಎ ಲಿಟಲ್’. ಗೈಡುಗಳಲ್ಲಿ ಒಂದಕ್ಕೆ ನಕಾರಾತ್ಮಕ, ಇನ್ನೊಂದಕ್ಕೆ ಸಕಾರಾತ್ಮಕ ಎಂದು ಬರೆದಿರುತ್ತಾರೆ. ಅದನ್ನು ಓದಿದ ಮಗು ಏನು ಮಾಡಬೇಕು? ಎರಡೂ ಪಾತ್ರಗಳ ಮುಖ ಒಟ್ಟಿಗೆ ಕಾಣುವ ಕಡೆ ಚಿತ್ರ ನಿಲ್ಲಿಸಿ. ಚಾಪ್ಲಿನ್ನನ ಮುಖದಲ್ಲಿ ಹಬ್ಬದೂಟದ ತೃಪ್ತಿ. ಬಿಗ್ ಜಿಮ್‌ನ ಮುಖ ನೋಡಲಾಗದು. ತಟ್ಟೆಯಲ್ಲಿರುವುದು ಇಬ್ಬರಿಗೂ ಒಂದೇ ಬೂಟಿನ ಪಾಲು. ಚಾಪ್ಲಿನ್ ಮನಸ್ಸಿನಲ್ಲೇ ಹೇಳಿಕೊಳ್ಳುವುದು: ಸ್ವಲ್ಪ ಊಟ ಇದೆ. ಜಿಮ್ ಹೇಳಿಕೊಳ್ಳುವುದು: ಇರುವುದೇ ಸ್ವಲ್ಪ ಊಟ. ಆ ‘ಏ’ ನೋಡಿದಿರಾ? ಕನ್ನಡದಲ್ಲಿ ಕೊರತೆಯನ್ನು ಹೇಳುವುದು ಅದೇ. ‘ಮೂರು ಮೊಳೆ ಇವೆ’ ಎನ್ನುವವನು ನೆಮ್ಮದಿಯಾಗಿದ್ದಾನೆ, ‘ಮೂರೇ ಮೊಳೆ ಇವೆ’ ಎನ್ನುವವನು ಕೊರಗುತ್ತಿದ್ದಾನೆ. ಇಂಗ್ಲಿಷಿನಲ್ಲಿ ಕೊರಗಬೇಕಾದರೆ ‘ಎ’ ತೆಗೆಯಬೇಕು. ‘ಎ ಲಿಟಲ್ ಫುಡ್’ ಎಂದರೆ ಸ್ವಲ್ಪ ಊಟ ಇದೆ, ‘ಲಿಟಲ್ ಫುಡ್’ ಎಂದರೆ ಇರುವುದೇ ಸ್ವಲ್ಪ. ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಎ ಇದ್ದರೆ ಏ ಇಲ್ಲ, ಎ ಇಲ್ಲದಿದ್ದರೆ ಏ ಇದೆ.

ಈ ಒಂದು ಸಾಲನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ. ಹಲಗೆಯ ಮುಂದೆ ನಿಂತಾಗ ತಾನಾಗಿ ಬಂತು. ಅದು ಬಂದ ವರ್ಷದಿಂದ ನನ್ನ ಕೆಂಪು ಶಾಯಿ ಸ್ವಲ್ಪ ಉಳಿಯುತ್ತಿದೆ. ಒಂದು ಎಚ್ಚರಿಕೆ: ತರಗತಿಯ ಚುರುಕು ಹುಡುಗಿಯೊಬ್ಬಳು ಎದ್ದು ‘ಓನ್ಲಿ ಎ ಫ್ಯೂ’ ಎಂದರೇನು ಎಂದು ಕೇಳಿಯೇ ಕೇಳುತ್ತಾಳೆ. ಅಲ್ಲಿ ‘ಎ’ಯೂ ಇದೆ, ‘ಕೆಲವೇ’ ಎಂಬ ಅರ್ಥವೂ ಇದೆ. ಗಾಬರಿಯಾಗಬೇಡಿ. ಅಲ್ಲಿ ‘ಏ’ಯ ಕೆಲಸವನ್ನು ‘ಓನ್ಲಿ’ ವಹಿಸಿಕೊಂಡಿದೆ ಎಂದು ಹೇಳಿ.

ಇದಾದ ಮೇಲೆ ಮಕ್ಕಳಿಂದ ದೃಶ್ಯಕ್ಕೆ ಮಾತು ಕೊಡಿಸಿ. ಇಬ್ಬಿಬ್ಬರು ಮುಂದೆ ಬರಲಿ, ಒಬ್ಬ ಚಾಪ್ಲಿನ್, ಒಬ್ಬ ಜಿಮ್. ದೃಶ್ಯ ಓಡುತ್ತಿರುವಾಗಲೇ ಒಬ್ಬೊಬ್ಬರೂ ಮೂರು ವಾಕ್ಯ ಹೇಳಬೇಕು. ಬರೆದುಕೊಂಡು ಬಂದು ಓದುವಂತಿಲ್ಲ. ಇಡೀ ವರ್ಷ ಬಾಯಿ ತೆರೆಯದ ಹಿಂದಿನ ಬೆಂಚಿನ ಹುಡುಗನೊಬ್ಬ ಜಿಮ್‌ನ ಸರದಿಯಲ್ಲಿ ತಟ್ಟೆಯನ್ನು ದಿಟ್ಟಿಸಿ, ನಿಟ್ಟುಸಿರು ಬಿಟ್ಟು, ‘ಲಿಟಲ್ ಫುಡ್. ಮಚ್ ಹಂಗರ್’ ಎಂದ. ವ್ಯಾಕರಣದ ಪ್ರಕಾರ ‘ಮಚ್’ ಅನ್ನು ಸಾಮಾನ್ಯವಾಗಿ ಪ್ರಶ್ನೆಗೂ ನಿಷೇಧಕ್ಕೂ ಇಟ್ಟುಕೊಂಡು, ಉಳಿದ ಕಡೆ ‘ಎ ಲಾಟ್ ಆಫ್’ ಎನ್ನಬೇಕು ಎಂದು ನಾನು ತಿದ್ದಬಹುದಿತ್ತು. ತಿದ್ದಲಿಲ್ಲ. ಮರುದಿನ ಬೇರೆ ಉದಾಹರಣೆಯಲ್ಲಿ ಹೇಳಿದೆ.

ಖಾಲಿ ಗುಡಿಸಲು ‘ಸಮ್’, ‘ಎನಿ’, ‘ನೋ’ಗಳಿಗೆ ಒದಗುತ್ತದೆ. ನಮ್ಮ ಮಕ್ಕಳು ‘ಐ ಡಿಡ್ ನಾಟ್ ಈಟ್ ನಥಿಂಗ್’ ಎಂದು ಬರೆಯುವುದು ದಡ್ಡತನದಿಂದಲ್ಲ. ‘ನಾನು ಏನೂ ತಿನ್ನಲಿಲ್ಲ’ ಎಂಬ ವಾಕ್ಯವನ್ನು ಬಿಡಿಸಿ ನೋಡಿ. ‘ಏನೂ’ ಎಂಬುದರಲ್ಲಿ ನಿಷೇಧ ಇಲ್ಲ, ನಿಷೇಧ ಇರುವುದು ಕೊನೆಯ ‘ಇಲ್ಲ’ದಲ್ಲಿ. ಅಂದರೆ ನಮ್ಮ ‘ಏನೂ’ಗೆ ಜೋಡಿ ‘ಎನಿಥಿಂಗ್’. ‘ನಥಿಂಗ್’ ಎಂದರೆ ‘ಏನೂ’ ಅಲ್ಲ, ‘ಏನೂ ಇಲ್ಲ’. ಇಲ್ಲವನ್ನು ಅದು ಹೊಟ್ಟೆಯಲ್ಲೇ ಇಟ್ಟುಕೊಂಡಿದೆ, ಇನ್ನೊಂದು ‘ನಾಟ್’ ತಂದರೆ ಅಜೀರ್ಣ. ‘ಯಾರೂ’, ‘ಎಲ್ಲೂ’ಗಳಿಗೂ ಇದೇ ಲೆಕ್ಕ. ಮಕ್ಕಳಿಗೆ ಇದನ್ನು ಕನ್ನಡದಲ್ಲೇ ವಿವರಿಸಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದು ಎಂಬ ಮಡಿಯನ್ನು ನಾನು ಎಂದೋ ಬಿಟ್ಟಿದ್ದೇನೆ.

ಅದೇ ಚಿತ್ರದಲ್ಲಿ ಎರಡು ಫೋರ್ಕುಗಳಿಗೆ ಎರಡು ಬನ್ ಸಿಕ್ಕಿಸಿ ಕಾಲುಗಳಂತೆ ಕುಣಿಸುವ ದೃಶ್ಯವೂ ಇದೆ. ‘ಬೋತ್’, ‘ಈಚ್’ ಕಲಿಸಲು ಅಷ್ಟು ಸಾಕು: ‘ಬೋತ್ ರೋಲ್ಸ್ ಆರ್’, ಆದರೆ ‘ಈಚ್ ರೋಲ್ ಈಸ್’. ‘ಎವ್ರಿ ಸ್ಟೂಡೆಂಟ್ಸ್ ಆರ್’ ಎಂದು ಬರೆಯುವವರಿಗೆ ನಮ್ಮ ‘ಪ್ರತಿಯೊಬ್ಬ ವಿದ್ಯಾರ್ಥಿಯೂ’ ಏಕವಚನ ಎಂದು ನೆನಪಿಸಿ. ‘ಟೂ ಮಚ್’, ‘ಟೂ ಮೆನಿ’ಗಳಿಗೆ 1936ರ ‘ಮಾಡರ್ನ್ ಟೈಮ್ಸ್’ನಲ್ಲಿ ಊಟ ಮಾಡಿಸುವ ಯಂತ್ರ ಕೆಟ್ಟುಹೋಗುವ ದೃಶ್ಯ ಇದೆ. ‘ಟೂ’ ಎಂದರೆ ‘ತುಂಬಾ’ ಅಲ್ಲ, ‘ಅತಿಯಾಯಿತು’ ಎಂಬುದನ್ನು ಆ ಯಂತ್ರ ನನಗಿಂತ ಚೆನ್ನಾಗಿ ಕಲಿಸುತ್ತದೆ.

ನಮ್ಮ ಹಳೆಯ ಕನ್ನಡ ಚಿತ್ರಗಳ ಮದುವೆ ಊಟದ ದೃಶ್ಯವನ್ನೂ ಬಿಡಬೇಡಿ. ದನಿ ಇಲ್ಲದೆ ಹಾಕಿ. ಎಲೆಯ ತುದಿಗೆ ಚಿಟಿಕೆ ಉಪ್ಪು, ಒಂದು ಸೌಟು ಸಾರು, ಒಂದು ತೊಟ್ಟು ತುಪ್ಪ. ಅಳೆಯುವ ವಸ್ತುವನ್ನು ಎಣಿಸಬೇಕಾದರೆ ಮಧ್ಯೆ ಒಂದು ಪಾತ್ರೆ ಬೇಕು ಎಂಬುದು ನಮಗೆ ಹೊಸತಲ್ಲ: ಹಿಡಿ, ಬೊಗಸೆ, ಪಾವು, ಸೇರು. ‘ಎ ಪಿಂಚ್ ಆಫ್ ಸಾಲ್ಟ್’ ಎಂದರೆ ನಮ್ಮ ಚಿಟಿಕೆಯೇ. ಬಡಿಸುವವನ ಬಾಯಲ್ಲಿ ಹೋಳಿಗೆಗೆ ‘ಒನ್ ಮೋರ್’, ಪಾಯಸಕ್ಕೆ ‘ಎ ಲಿಟಲ್ ಮೋರ್’ ಹಾಕಿಸಿ. ಉಣ್ಣುವವನು ‘ಇನಫ್’ ಎನ್ನಬೇಕು. ಬಡಿಸುವವನು ಕೇಳಿಸಿಕೊಳ್ಳಬಾರದು.

ಮಾತಿರುವ ದೃಶ್ಯ ಬೇಕೆನಿಸಿದಾಗ ನೇರವಾಗಿ ಹಾಲಿವುಡ್‌ಗೆ ಹಾರಬೇಡಿ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನ ಇಂಗ್ಲಿಷ್ ಕಂತುಗಳು ಸಿಕ್ಕರೆ ಅಲ್ಲಿಂದ ಶುರುಮಾಡಿ. ಹೆಂಚಿನ ಮನೆ, ಜಗಲಿ, ನಮ್ಮವರದೇ ಉಚ್ಚಾರಣೆ. ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಅಪ್ಪ ಸ್ವಾಮಿಗೆ ಒಂದು ಲೆಕ್ಕ ಕೊಡುತ್ತಾನೆ. ರಾಮನ ಬಳಿ ಹತ್ತು ಮಾವಿನಹಣ್ಣು, ಅವುಗಳಿಂದ ಹದಿನೈದು ಆಣೆ ಸಂಪಾದಿಸಬೇಕು. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು, ಅವನು ಎಷ್ಟು ಕೊಡಬೇಕು? ಸ್ವಾಮಿಗೆ ಹಣ್ಣು ಮಾಗಿದೆಯೋ ಇಲ್ಲವೋ ಎಂಬುದೇ ಚಿಂತೆ. ನಾನು ಇದನ್ನು ಮಕ್ಕಳಿಂದ ಆಡಿಸಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತೇನೆ. ಹಣ್ಣಿಗೆ ‘ಹೌ ಮೆನಿ’, ಆಣೆಗೆ ‘ಹೌ ಮೆನಿ’, ಹಣಕ್ಕೆ ಮಾತ್ರ ‘ಹೌ ಮಚ್’. ರೂಪಾಯಿಯನ್ನು ಎಣಿಸುತ್ತೇವಲ್ಲ, ಮತ್ತೆ ಹಣ ಹೇಗೆ ಅಳತೆ ಎಂದು ಕೇಳುತ್ತಾರೆ. ಕಾಯಿ, ಕೊಬ್ಬರಿ ಎಂದು ಹಲಗೆ ತೋರಿಸುತ್ತೇನೆ.

ಮೂರು ಪೀರಿಯಡ್ ಸಾಕು. ಮೊದಲನೆಯದರಲ್ಲಿ ನೋಡುವುದು ಮತ್ತು ಅಂಕಣ, ಎರಡನೆಯದರಲ್ಲಿ ಮಾತು ಕೊಡುವುದು, ಮೂರನೆಯದರಲ್ಲಿ ಅವರೇ ಒಂದು ನಿಮಿಷದ ದೃಶ್ಯ ಮಾಡುವುದು. ಅಂಕ ಕೊಡುವುದಿದ್ದರೆ ಮಾತಿಗೆ ಕೊಡಿ, ನಟನೆಗೆ ಬೇಡ. ಇಲ್ಲದಿದ್ದರೆ ಪ್ರತಿ ವರ್ಷ ಅದೇ ನಾಲ್ವರು ಗೆಲ್ಲುತ್ತಾರೆ.

ಕಳೆದ ಸಲ ಒಂದು ಗುಂಪು ತಮ್ಮ ಮನೆಯ ಅಟ್ಟದಲ್ಲೇ ದೃಶ್ಯ ತೆಗೆದುಕೊಂಡು ಬಂತು. ಅಜ್ಜ ಮತ್ತು ಮೊಮ್ಮಗಳು ಕಾಯಿ ರಾಶಿಯ ಮುಂದೆ ಕೂತು ಮಾತನಾಡುವುದು. ಎಲ್ಲ ಸರಿಯಾಗಿತ್ತು: ‘ಮೆನಿ ಕೋಕೊನಟ್ಸ್’, ‘ಲಿಟಲ್ ವಾಟರ್’, ‘ನಾಟ್ ಎನಿ ಮನಿ’. ಆಮೇಲೆ ಮೊಮ್ಮಗಳ ಪಾತ್ರದವಳು ಕ್ಯಾಮೆರಾ ನೋಡಿ ‘ದಿಸ್ ಇಯರ್ ಓನ್ಲಿ ಟು ರೇನ್ಸ್’ ಎಂದಳು. ಮಳೆ ಕೊಬ್ಬರಿಯ ಅಂಕಣದ್ದಲ್ಲವೇ ಎಂದು ಕೇಳಿದೆ. ‘ಇಲ್ಲ ಮೇಡಂ, ನಮ್ಮಜ್ಜ ಎಣಿಸುತ್ತಾರೆ. ಅಶ್ವಿನಿ ಮಳೆ, ಭರಣಿ ಮಳೆ, ಕೃತ್ತಿಕಾ ಮಳೆ. ಒಟ್ಟು ಇಪ್ಪತ್ತೇಳು. ಈ ವರ್ಷ ಎರಡೇ ಹುಯ್ದದ್ದು’ ಎಂದಳು.

ಕೆಂಪು ಪೆನ್ನಿನ ಮುಚ್ಚಳ ತೆಗೆದವಳು ಮತ್ತೆ ಹಾಕಿದೆ.